ಒಂದು ಮಾತಿಗೆ ಒಂದು ಈರುಳ್ಳಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರ ಮನೆಯಲ್ಲಿ ಗೂಢಚಾರರ ಕಾದಂಬರಿ ಬರೆಯುವ ಮಾವ ಇದ್ದಿರಲಾರರು. ಇದ್ದಿದ್ದರೆ ಗಾದೆಗೆ ಇನ್ನೊಂದು ಸಾಲು ಸೇರಿಸುತ್ತಿದ್ದರು. ನಾನು ಹೇಳುತ್ತಿರುವ ಮನೆಯಲ್ಲಿ ಒಂದು ಭಾನುವಾರ ಊಟದ ಮೇಜಿನ ಹತ್ತಿರ ಹುಟ್ಟಿದ ಜಗಳ ಮಲಗುವ ಹೊತ್ತಿಗೆ ತಣ್ಣಗಾಗಿತ್ತು, ಗಂಡನಿಗಂತೂ ಮರೆತೇ ಹೋಗಿತ್ತು. ಆದರೆ ಮುಂದಿನ ವಾರದ ಮಂಗಳವಾರ ಅದು ವಾರಪತ್ರಿಕೆಯ ಧಾರಾವಾಹಿಯ ಪುಟದಲ್ಲಿ ಅಚ್ಚಾಗಿ ಎದ್ದು ಕುಳಿತಿತು.

ಅದು ಮೊದಲು ಹೊರಬಿದ್ದದ್ದು ಬಲ್ಬ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಈ ಮನೆಯ ಸೊಸೆ ಅಲ್ಲಿ ಮುಖ್ಯ ಅಡುಗೆಯವಳು. ತರಕಾರಿ ಹೆಚ್ಚುವ ಹೆಂಗಸರಲ್ಲಿ ಕನ್ನಡಕದವಳೊಬ್ಬಳಿಗೆ ಮಂಗಳವಾರ ಚಾಕು ಕೊಡುತ್ತಿರಲಿಲ್ಲ. ಅವಳು ಧಾರಾವಾಹಿಯ ಹೊಸ ಕಂತನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಅವಳ ಪಾಲಿನ ಕ್ಯಾರೆಟ್ಟನ್ನೂ ಹೆಚ್ಚಬೇಕು. ಬರೆಯುವವರು ತಮ್ಮ ಅಡುಗೆಯಕ್ಕನ ಮಾವ ಎಂಬುದು ಅವರಿಗೆಲ್ಲ ದೊಡ್ಡ ಹೆಮ್ಮೆ.

ಆ ದಿನದ ಕಂತಿನಲ್ಲಿ ಕಳ್ಳಸಾಗಣೆಯ ವಜ್ರದ ರಾಣಿ ತನ್ನ ಬಂಟನನ್ನು ಬೈಯುತ್ತಿದ್ದಳು. ಅವನು ಅಡಗುತಾಣದಲ್ಲಿ ತಿಂದ ತಟ್ಟೆಯನ್ನು ಹಾಗೇ ಬಿಟ್ಟು ಬಂದಿದ್ದ, ಅದರಿಂದ ಬೂದು ಕೋಟಿನ ಗೂಢಚಾರನಿಗೆ ಸುಳಿವು ಸಿಕ್ಕಿತ್ತು. ಕನ್ನಡಕದವಳು ರಾಣಿಯ ಗತ್ತಿನಲ್ಲೇ ಓದಿದಳು: "ನಿಮ್ಮಮ್ಮ ನಿಮಗೆ ಎಲ್ಲಾ ಕಲಿಸಿದ್ರು, ತಿಂದ ತಟ್ಟೆ ಎತ್ತೋದೊಂದು ಬಿಟ್ಟು."

ಚಾಕುಗಳೆಲ್ಲ ನಿಂತವು.

"ಅಕ್ಕಾ, ಇದು ನೀವು ನಿಮ್ಮ ಯಜಮಾನ್ರಿಗೆ ಅಂದ್ರಿ ಅಂತ ಹೋದ ವಾರ ನಮಗೆ ಹೇಳಿದ ಮಾತಲ್ವಾ?" ಎಂದು ಆಲೂಗಡ್ಡೆಯವಳು ಕೇಳಿದಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಯೂ ನಕ್ಕಳು, ಆದರೆ ನಗು ಕಿವಿಯ ತನಕ ಹೋಗಲಿಲ್ಲ. ಅಂದು ಮಧ್ಯಾಹ್ನದ ಸೂಪಿಗೆ ಮೆಣಸು ಸ್ವಲ್ಪ ಜಾಸ್ತಿಯೇ ಬಿತ್ತು.

ಈ ಮಾವ, ಅಂದರೆ ಮನೆಯ ಮೊಮ್ಮಗಳಿಗೆ ತಾತ, ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಈ ಊರಿನ ಮಾತನ್ನು ಆ ಊರಿಗೆ ಸೇರಿಸುವ ಕೆಲಸ. ಕೇಳಿಸಿಕೊಳ್ಳಬಾರದು ಎಂಬುದು ನಿಯಮ, ಕಿವಿಗೆ ರೆಪ್ಪೆ ಇಲ್ಲವಲ್ಲ ಎಂಬುದು ಅವರ ಸಮಾಧಾನ. ಆ ಕೆಲಸದಲ್ಲಿದ್ದಾಗಲೇ ಬರೆಯಲು ಹಿಡಿದು, ಬೂದು ಕೋಟಿನ ಗೂಢಚಾರನ ಹನ್ನೊಂದು ಕಾದಂಬರಿ ಮುಗಿಸಿದ್ದರು, ಈಗಿನದು ಹನ್ನೆರಡನೆಯದು. ಮೊದಲೆಲ್ಲ ಮುಂದಿನ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಕಾಗದ ಪೆನ್ನು ಎತ್ತಿಕೊಂಡು ಅಡುಗೆಮನೆಯ ಊಟದ ಮೇಜಿನ ಮೂಲೆಗೆ ಬಂದರು. ಅಲ್ಲಿ ಬೆಳಕು ಚೆನ್ನಾಗಿದೆ ಎಂದರು. ಅಲ್ಲಿ ಹಗಲಲ್ಲೂ ದೀಪ ಹಾಕಬೇಕಾಗಿತ್ತು, ಆದರೂ ಯಾರೂ ಎದುರಾಡಲಿಲ್ಲ.

ಸೊಸೆ ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲು ಪತ್ರಿಕೆಯನ್ನು ಅವರ ಮುಂದೆ ಹರಡಿದಳು.

"ಮಾವ, ಇದೇನಿದು?"

"ಅಚ್ಚು ಸರಿಯಾಗಿ ಬಂದಿಲ್ಲ ಅಲ್ವಾ? ನಾನೂ ಅವರಿಗೆ ಹೇಳಿದೀನಿ."

"ಅಚ್ಚಿನ ವಿಷಯ ಅಲ್ಲ. ಈ ಮಾತು ಯಾರದು?"

ತಾತ ಕನ್ನಡಕ ಏರಿಸಿ ನೋಡಿದರು. "ವಜ್ರದ ರಾಣಿದು."

"ವಜ್ರದ ರಾಣಿ ನಮ್ಮನೆಗೆ ಭಾನುವಾರದ ಊಟಕ್ಕೆ ಯಾವಾಗ ಬಂದಿದ್ಲು?"

ಅಷ್ಟರಲ್ಲಿ ಮಗ ಬಂದ. ಅವನು ಲಿಫ್ಟ್ ರಿಪೇರಿಯವನು, ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಮನೆಯಲ್ಲಿ ನೆಲ ಅಲ್ಲಾಡದಿದ್ದರೆ ಸಾಕು. ಹೆಂಡತಿಯ ಬೆರಳು ತೋರಿಸಿದ ಕಡೆ ಓದಿದ.

"ಅಪ್ಪ, ಇದರಲ್ಲಿ ನಾನು ಚಾಕು ಹಿಡ್ಕೊಂಡಿರೋ ರೌಡಿನಾ?"

"ಚಾಕು ಎಲ್ಲಿದೆಯೋ? ಬರೀ ಹಗ್ಗ."

ಮೊಮ್ಮಗಳು ಸುಮ್ಮನಿರುತ್ತಾಳೆಯೇ? ಗೆಳತಿಯರ ಜೊತೆ ಸೇರಿ ಪಾಪ್ ಹಾಡಿನ ತಂಡ ಕಟ್ಟಿಕೊಂಡಿದ್ದ ಹುಡುಗಿ, ಹಗಲು ಗಿಟಾರ್ ಮಾರುವ ಅಂಗಡಿಯಲ್ಲಿ ಕೆಲಸ. ಅವಳು ಹಳೆಯ ಸಂಚಿಕೆಗಳನ್ನು ತಂದು ಹುಡುಕತೊಡಗಿದಳು. "ಅಮ್ಮಾ, ಇಲ್ಲಿ ನೋಡು, ನನ್ನ ಮಾತು. ಬಾಂಬ್ ಇಡೋನು ಹೇಳ್ತಿದಾನೆ, 'ನನ್ನ ಕೆಲಸ ಮುಗಿಯೋವರೆಗೆ ಯಾರಾದ್ರೂ ಬಾಗಿಲು ತಟ್ಟಿದ್ರೆ ನಾನು ಮನುಷ್ಯಳಾಗಿರಲ್ಲ.' ಮನುಷ್ಯಳಾಗಿ ಅಂತೆ! ಬಾಂಬ್ ಇಡೋನಿಗೆ ಮೀಸೆ ಬೇರೆ ಇದೆ."

"ಅದು ಬರೆಯೋವಾಗ ನಿನ್ನ ಮುಖ ಕಣ್ಣ ಮುಂದೆ ಬಂದ್ಬಿಡ್ತು ಕಂದಾ. ತಿದ್ದೋಕೆ ಮರೆತೆ."

ಸೊಸೆಗೆ ಈಗ ನಿಜವಾಗಿ ಸಿಟ್ಟು ಬಂತು. "ನಾವು ಮನೇಲಿ ಬಾಯಿಗೆ ಬಂದಿದ್ದು ಆಡ್ತೀವಿ ಮಾವ. ಮನೆ ಅಂದ್ರೆ ಅದಕ್ಕೇ ಇರೋದು. ಅದನ್ನ ಊರೆಲ್ಲ ಓದೋ ಹಾಗೆ ಮಾಡಿದ್ರೆ ನಾನು ಎಲ್ಲಿ ಹೋಗಿ ಬಾಯಿ ಬಿಡಲಿ?"

"ಮಾತು ಗಾಳಿಗೆ ಹೋಗೋ ವಸ್ತು ಕಣಮ್ಮ. ಹೋಗೋದನ್ನ ಹಿಡಿದಿಟ್ಟೆ. ನಿಮ್ಮತ್ತೆ ಒಂದು ದಿನಾನೂ ಬೇಡ ಅನ್ನಲಿಲ್ಲ."

"ಅತ್ತೆಗೆ ಕ್ಯಾಂಟೀನ್ ಇರಲಿಲ್ಲ. ನನಗಿದೆ." ಸೊಸೆ ಪತ್ರಿಕೆಯನ್ನು ಮಡಚಿದಳು. "ಇವತ್ತಿಂದ ಈ ಮೇಜಿನ ಹತ್ರ ಯಾರೂ ತುಟಿ ಪಿಟಕ್ ಅನ್ನಬಾರದು."

ಹೀಗೆ ಆ ಮನೆಯಲ್ಲಿ ಮೌನವ್ರತ ಶುರುವಾಯಿತು. ಆದರೆ ನಾಲ್ಕು ಜನ ಇರುವ ಮನೆಯಲ್ಲಿ ಎಷ್ಟೆಂದು ಸುಮ್ಮನಿರಲು ಸಾಧ್ಯ? ಗ್ಯಾಸ್ ಮುಗಿದದ್ದು ಹೇಳಬೇಕು, ಒಗೆದ ಬಟ್ಟೆ ಯಾರು ತೆಗೆಯಬೇಕೆಂದು ಜಗಳವಾಡಬೇಕು. ಆಗ ಮೊಮ್ಮಗಳು ಒಂದು ಉಪಾಯ ಹೇಳಿದಳು. ತಾತನ ಮೂರನೆಯ ಕಾದಂಬರಿಯಲ್ಲಿ ಬೂದು ಕೋಟು ಮಾಡುವಂತೆ, ಗುಟ್ಟು ಮಾತಾಡುವಾಗ ಹಾಡು ಜೋರಾಗಿ ಹಾಕಿಬಿಡುವುದು.

"ಯಾವ ಹಾಡು?" ಎಂದ ಮಗ, ಅನುಮಾನದಿಂದ.

"ನಮ್ಮ ತಂಡದ್ದೇ. ಹೊಸದು."

ಅಂದಿನಿಂದ ಯಾರಿಗೆ ಏನು ಹೇಳಬೇಕಾದರೂ ಮೊದಲು ಫ್ರಿಜ್ಜಿನ ಮೇಲಿನ ಪುಟ್ಟ ಸ್ಪೀಕರ್ ಅರಚುತ್ತಿತ್ತು: *ಕಿಟಕಿ ತೆರೆದಿದೆ, ಕಿಟಕಿ ತೆರೆದಿದೆ, ಹಾರಿ ಬಾ, ಇಲ್ಲ ಹೋಗಿ ಬಾ.* ಆ ಗದ್ದಲದ ಅಡಿಯಲ್ಲಿ ಗಂಡ ಹೆಂಡತಿ ತಲೆಗೆ ತಲೆ ತಾಗಿಸಿ ಕರೆಂಟ್ ಬಿಲ್ಲಿನ ಬಗ್ಗೆ ಪಿಸುಗುಡುತ್ತಿದ್ದರು. ಮದುವೆಯಾದ ಹೊಸತರಲ್ಲೂ ಅವರು ಅಷ್ಟು ಹತ್ತಿರ ನಿಂತು ಮಾತಾಡಿದ್ದಿಲ್ಲ.

ಹಾಡು ಇಲ್ಲದಾಗ ತಾತ ಹತ್ತಿರ ಬಂದರೆ "ಹಾಲು ಉಕ್ತು" ಎನ್ನಬೇಕೆಂದೂ ತೀರ್ಮಾನವಾಯಿತು. ಅದನ್ನು ಕೇಳಿದ ತಕ್ಷಣ ಎಲ್ಲರೂ ಬಾಯಿ ಮುಚ್ಚಬೇಕು. ನಾಲ್ಕನೆಯ ದಿನ ಹಾಲು ನಿಜವಾಗಿಯೇ ಉಕ್ಕಿತು. ಮಗ ಕೂಗಿದ. ಹೆಂಡತಿ, ಮಗಳು ಇಬ್ಬರೂ ಹೊರಗಿನ ಕೋಣೆಯಲ್ಲಿ ಗೊಂಬೆಗಳಂತೆ ಕುಳಿತರು. ಕೂಗಿದವನೂ ಕೂಗಿ ಮುಗಿಸಿದೆನೆಂಬ ತೃಪ್ತಿಯಲ್ಲಿ ನಿಂತ. ಕೊನೆಗೆ ಎದ್ದು ಬಂದು ಒಲೆ ಆರಿಸಿದವರು ತಾತ. ಅವರೇ ಬಟ್ಟೆ ತಂದು ಒರೆಸಿದರು. ಸೊಸೆ ಅದನ್ನು ಬಾಗಿಲಿನಿಂದ ನೋಡಿದಳು, ಅವಳಿಗೆ ಕೆಡುಕೆನಿಸಿತು.

ಮಾತು ಸಿಗದೆ ತಾತ ನಿಜಕ್ಕೂ ಸೊರಗಿದರು. ಮೇಜಿನ ಮೂಲೆಯಲ್ಲಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಬರೆದ ಕಂತುಗಳು ಒಣಗಿದ ಬ್ರೆಡ್ಡಿನಂತಾದವು. ಕ್ಯಾಂಟೀನಿನಲ್ಲಿ ಕನ್ನಡಕದವಳು ಓದುತ್ತಿದ್ದಳು: "'ಹಲೋ' ಎಂದ ಬೂದು ಕೋಟು. 'ಸರಿ' ಎಂದಳು ರಾಣಿ. 'ಇಡುತ್ತೇನೆ' ಎಂದ ಬೂದು ಕೋಟು."

"ಇದೇನು, ರಾಂಗ್ ನಂಬರಾ?" ಎಂದಳು ಆಲೂಗಡ್ಡೆಯವಳು. "ಹಿರಿಯಮ್ಮನಾದ್ರೂ ವಾಪಸ್ ಬರಬಾರದಾ? ಮಾತು ಅಂದ್ರೆ ಅವರದ್ದು."

ಹಿರಿಯಮ್ಮ ಎಂದರೆ ಆ ಗೂಢಚಾರರಿಗೆಲ್ಲ ಮೇಲಧಿಕಾರಿ. ಮೊದಲ ಎಂಟು ಕಾದಂಬರಿಗಳಲ್ಲಿ ಬಂದೂಕಿಗಿಂತ ಹೆಚ್ಚು ಕೆಲಸ ಮಾಡಿದ್ದು ಅವಳ ನಾಲಿಗೆ. ಅಜ್ಜಿ ಹೋದ ಮೇಲಿನ ಕಾದಂಬರಿಗಳಲ್ಲಿ "ಹಿರಿಯಮ್ಮ ರಜೆಯಲ್ಲಿದ್ದರು" ಎಂಬ ಒಂದು ಸಾಲು ಮಾತ್ರ ಬರುತ್ತಿತ್ತು.

ಮೌನವ್ರತವನ್ನು ಮೊದಲು ಮುರಿದದ್ದು ಮೊಮ್ಮಗಳು. ಬೇರೆ ಮಾತೇ ಕಿವಿಗೆ ಬೀಳದ ತಾತ, ಬೂದು ಕೋಟನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಅವನು ಬಾಯಿ ಬಿಡುವ ತನಕ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿಸುವಂತೆ ಬರೆದಿದ್ದರು. ಕಿಟಕಿ ತೆರೆದಿದೆ, ಹಾರಿ ಬಾ. ಪೂರ್ತಿ ಪಲ್ಲವಿ ಅಚ್ಚಾಗಿತ್ತು.

"ತಾತ, ನಮ್ಮ ಹಾಡನ್ನ ಚಿತ್ರಹಿಂಸೆಗೆ ಬಳಸಿದೀರ."

"ತಪ್ಪಾಯ್ತು ಕಂದಾ."

"ಅಯ್ಯೋ, ಯಾರು ತಪ್ಪು ಅಂದ್ರು? ಅಂಗಡಿಗೆ ಬಂದವರು ಆ ಹಾಡು ಎಲ್ಲಿ ಸಿಗುತ್ತೆ ಅಂತ ಕೇಳ್ತಿದಾರೆ. ಮುಂದಿನ ವಾರ ಎರಡನೇ ಚರಣ ಹಾಕ್ತೀರಾ? ಎಂಥಾ ಹಿಂಸೆ ಬೇಕಾದ್ರೂ ಕೊಡಿ."

ಸೊಸೆ ಮಗಳನ್ನು ಕಣ್ಣಲ್ಲೇ ಸುಟ್ಟಳು. ಮನೆಯವಳೇ ಶತ್ರುಪಾಳೆಯ ಸೇರಿದ್ದಳು.

ಮರುದಿನ ಸೊಸೆಗೆ ರಜೆ. ತಾತ ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು, ವಾರಪತ್ರಿಕೆಯ ಸಂಪಾದಕಿ. ಸೊಸೆ ಎತ್ತಿದಳು.

"ಅವರಿಗೇ ಹೇಳೋಕೆ ನನಗೂ ಕಷ್ಟ," ಎಂದಳು ಸಂಪಾದಕಿ. "ಪಾತ್ರಗಳು ಮಾತೇ ಆಡ್ತಿಲ್ಲ. ಇನ್ನೆರಡು ಕಂತು ನೋಡ್ತೀವಿ. ಆಗಲಿಲ್ಲ ಅಂದ್ರೆ ಧಾರಾವಾಹಿ ನಿಲ್ಲಿಸಿ ಆ ಪುಟಕ್ಕೆ ಅಡುಗೆ ಅಂಕಣ ಹಾಕ್ತೀವಿ."

ಸೊಸೆ ತಡೆದು ಕೇಳಿದಳು, "ಅಡುಗೆದು ಯಾರು ಬರೀತಾರೆ?"

"ಅದಕ್ಕೇನು, ಅಡುಗೆ ತಾನೇ. ಯಾರಾದ್ರೂ ಸಿಗ್ತಾರೆ."

ಸೊಸೆ ಫೋನ್ ಇಟ್ಟಳು. ಮಾವನ ಪುಟ ಹೋಗುತ್ತದೆಂದು ಕೇಳಿದಾಗಲೇ ಗಾಬರಿಯಾಗಿತ್ತು. ಅಡುಗೆ ತಾನೇ ಎಂಬ ಮಾತು ಅದಕ್ಕೆ ಒಗ್ಗರಣೆ ಹಾಕಿತು. ಆ ಪುಟವೊಂದು ಇಲ್ಲದಿದ್ದರೆ ಮಾವ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಎಂದು ಅವಳು ಯೋಚಿಸಿದಳು. ಏನೂ ಹೊಳೆಯಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು.

ತಾತ ತಲೆ ಒರೆಸಿಕೊಳ್ಳುತ್ತ ಬಂದಾಗ ಅವಳು ನೇರವಾಗಿ ಹೇಳಿಬಿಟ್ಟಳು. ತಾತ ಕುರ್ಚಿಯಲ್ಲಿ ಕುಳಿತರು. ಟವೆಲ್ ಹೆಗಲ ಮೇಲೇ ಉಳಿಯಿತು.

"ಬಿಡಮ್ಮ. ವಯಸ್ಸಾಯ್ತು. ಎಲ್ಲದಕ್ಕೂ ಒಂದು ಕೊನೆ ಅಂತ ಇರುತ್ತೆ."

"ಕೊನೆ ನೀವು ಬರೀಬೇಕು, ಅವರಲ್ಲ." ಸೊಸೆ ಮೂಲೆಯಲ್ಲಿದ್ದ ಈರುಳ್ಳಿ ಚೀಲದಿಂದ ಒಂದು ಈರುಳ್ಳಿ ತಂದು ಅವರ ಕಾಗದದ ಮೇಲೆ ಇಟ್ಟಳು. ಪಕ್ಕದಲ್ಲಿ ಚಾಕು. "ನೋಡಿ ಮಾವ, ಬಿಟ್ಟಿ ಮಾತು ಕೊಡಲ್ಲ. ನಮ್ಮದು ಒಂದು ಮಾತು ತಗೊಂಡ್ರೆ ಒಂದು ಈರುಳ್ಳಿ ಸುಲೀಬೇಕು. ಯಾವ ಮಾತು ತಗೋತೀರ ಅಂತ ಮೊದಲೇ ಹೇಳ್ಬೇಕು. ಬೇಡ ಅಂದ್ರೆ ಬಿಡಬೇಕು."

ತಾತ ಈರುಳ್ಳಿಯನ್ನು ತಿರುಗಿಸಿ ನೋಡಿದರು. "ಜಗಳಕ್ಕೆ?"

"ಜಗಳಕ್ಕೆ ಎರಡು."

"ಪಿಸುಮಾತಿಗೆ?"

"ಪಿಸುಮಾತು ಮಾರಾಟಕ್ಕಿಲ್ಲ. ಇನ್ನೊಂದು. ನಿಮ್ಮ ಬೂದು ಕೋಟು ಹನ್ನೊಂದು ಕಾದಂಬರೀಲಿ ಒಂದು ಹೊತ್ತೂ ಊಟ ಮಾಡಿಲ್ಲ. ಕಳ್ಳರೆಲ್ಲ ತಟ್ಟೆ ತುಂಬ ತಿಂತಾರೆ, ನಾಯಕ ಬರೀ ಸಿಗರೇಟು. ಇನ್ಮೇಲೆ ಅವನು ತಿನ್ನಬೇಕು. ತಾನೇ ಮಾಡ್ಕೊಂಡು ತಿನ್ನಬೇಕು."

"ಗೂಢಚಾರ ಅಡುಗೆ ಮಾಡ್ತಾನೇನಮ್ಮಾ?"

"ಒಬ್ಬನೇ ಇರೋನು ಮತ್ತೇನು ಮಾಡ್ತಾನೆ? ಹಸಿದವನು ಅಷ್ಟು ಜೋರಾಗಿ ಓಡೋದು ಎಲ್ಲಾದ್ರೂ ಉಂಟಾ?"

ತಾತ ನಕ್ಕರು. ಎಷ್ಟೋ ದಿನಗಳ ಮೇಲೆ ಆ ಅಡುಗೆಮನೆಯಲ್ಲಿ ಹಾಡಿಲ್ಲದೆ ಒಂದು ನಗು ಕೇಳಿಸಿತು. ಆಮೇಲೆ ಅವರು ಚಾಕು ಎತ್ತಿಕೊಂಡು, "ಈ ಕೊನೇ ಮಾತು ತಗೋತೀನಿ," ಎಂದರು.

ಮುಂದಿನ ಕಂತಿನಲ್ಲಿ ಬೂದು ಕೋಟು ಆಮ್ಲೆಟ್ ಮಾಡಿದ. ತಾತ ಬದುಕಿನಲ್ಲಿ ಬಾಣಲೆ ಮುಟ್ಟಿದವರಲ್ಲ, ಆದ್ದರಿಂದ ಬೂದು ಕೋಟು ಮೊಟ್ಟೆ ಪೂರ್ತಿ ಬೆಂದ ಮೇಲೆ ಅದರ ಮೇಲೆ ಹಸಿ ಈರುಳ್ಳಿಯನ್ನೂ ಎಣ್ಣೆಯನ್ನೂ ಸುರಿದ. ಕ್ಯಾಂಟೀನಿನಲ್ಲಿ ಹೆಂಗಸರು ಚಾಕು ಕೆಳಗಿಟ್ಟು ನಕ್ಕರು. ಸೊಸೆ ಮನೆಗೆ ಬಂದು ಮಾವನನ್ನು ಒಲೆಯ ಮುಂದೆ ನಿಲ್ಲಿಸಿದಳು.

"ಮೊದಲು ಈರುಳ್ಳಿ. ಬಣ್ಣ ತಿರುಗೋವರೆಗೆ ಕಾಯಬೇಕು."

"ಎಷ್ಟು ಹೊತ್ತು?"

"ಬೂದು ಕೋಟು ಹೊಂಚು ಹಾಕ್ತಾನಲ್ಲ, ಅಷ್ಟು ಹೊತ್ತು."

ಅಂದು ರಾತ್ರಿಯ ಊಟಕ್ಕೆ ತಾತನ ಆಮ್ಲೆಟ್. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಎಲ್ಲರೂ ತಿಂದರು. ಮಗ ಮಾತ್ರ ಬಾಯಿ ತಪ್ಪಿ, "ಉಪ್ಪು ಸ್ವಲ್ಪ..." ಎಂದ. ತಾತ ಚಟಕ್ಕನೆ ತಿರುಗಿ, "ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತೇನೋ ನಿನಗೆ?" ಎಂದರು. ಅದು ಸೊಸೆಯ ಮಾತು. ಅವಳು ಒಂದು ಬೆರಳು ಎತ್ತಿ ತೋರಿಸಿದಳು. ತಾತ ಎದ್ದು ಹೋಗಿ ಒಂದು ಈರುಳ್ಳಿ ತಂದರು.

ವಾರಗಳು ಹೀಗೆ ನಡೆದವು. ಮನೆಯ ಖರ್ಚಿಗೆ ಮೀರಿ ಸುಲಿದ ಈರುಳ್ಳಿ ಡಬ್ಬದಲ್ಲಿ ತುಂಬಿ ಕ್ಯಾಂಟೀನಿಗೆ ಹೋಗತೊಡಗಿತು. ಹೆಚ್ಚುವ ಹೆಂಗಸರು ತಾತನ ಹೆಸರಿನಲ್ಲಿ ಹರಸಿದರು, ಹರಸಿ ಸುಮ್ಮನಾಗಲಿಲ್ಲ. "ಅಕ್ಕಾ, ನಮ್ಮ ನಾದಿನಿ ನಿನ್ನೆ ಒಂದು ಮಾತಾಡಿದ್ಲು, ನಿಮ್ಮ ಮಾವನಿಗೆ ಹೇಳಿ. ಮೂರು ಈರುಳ್ಳಿಗೆ ಕಮ್ಮಿ ಕೊಡಬೇಡಿ." ಮನೆಯಲ್ಲಿಯೂ ಎಲ್ಲರ ನಾಲಿಗೆ ಹರಿತವಾಯಿತು. ಮೊಮ್ಮಗಳು ಬೇಕೆಂದೇ ಜಗಳ ತೆಗೆಯುತ್ತಿದ್ದಳು. ತಾತ ಒಮ್ಮೊಮ್ಮೆ ಕೇಳಿ, ತಲೆಯಾಡಿಸಿ, "ಇದು ಅರ್ಧ ಈರುಳ್ಳಿದೂ ಅಲ್ಲ ಕಂದಾ," ಎನ್ನುತ್ತಿದ್ದರು. ಮಗನಿಗೆ ಮಾತ್ರ ಹೊಟ್ಟೆಕಿಚ್ಚು. ಅವನ ಒಂದು ಮಾತೂ ಈವರೆಗೆ ಹೋಗಿರಲಿಲ್ಲ.

ಸಂಪಾದಕಿ ಮತ್ತೆ ಫೋನ್ ಮಾಡಿದಳು. ಧಾರಾವಾಹಿ ಮುಂದುವರಿಯುತ್ತದೆ, ಬೂದು ಕೋಟಿನ ಅಡುಗೆಯ ಬಗ್ಗೆಯೇ ಓದುಗರು ಬರೆಯುತ್ತಿದ್ದಾರೆ ಎಂದಳು. ಸೊಸೆ "ಅಡುಗೆ ತಾನೇ" ಎಂದು ಫೋನನ್ನು ಮಾವನಿಗೆ ಕೊಟ್ಟಳು.

ಕಾದಂಬರಿಯ ಕೊನೆಯ ಕಂತು ಹತ್ತಿರ ಬಂತು. ತಾತ ಆ ವಾರ ಯಾರ ಮಾತನ್ನೂ ಕೇಳಲಿಲ್ಲ. ಊಟದ ಹೊತ್ತಿಗೆ ಮೊಮ್ಮಗಳು ಒಳ್ಳೊಳ್ಳೆಯ ಮಾತು ಎಸೆದರೂ ಕೈ ಚಾಚಲಿಲ್ಲ. ಬರೆದದ್ದನ್ನು ತಾವೇ ಒಯ್ದು ಪತ್ರಿಕೆಗೆ ಕೊಟ್ಟು ಬಂದರು. "ಹೇಗೆ ಮುಗೀತು ಮಾವ?" ಎಂದರೆ, "ಮಂಗಳವಾರ ಓದಮ್ಮ," ಎಂದರು.

ಮಂಗಳವಾರ ಸೊಸೆ ಕ್ಯಾಂಟೀನಿನಲ್ಲಿ ಓದಲು ಬಿಡಲಿಲ್ಲ. ಪತ್ರಿಕೆಯನ್ನು ಮನೆಗೆ ತಂದು, ಊಟವಾದ ಮೇಲೆ ಮೇಜಿನ ಹತ್ತಿರ ಮಗಳ ಕೈಗೆ ಕೊಟ್ಟಳು. ಮೊಮ್ಮಗಳು ಓದಿದಳು. ಬೂದು ಕೋಟು ವಜ್ರದ ರಾಣಿಯನ್ನು ಹಿಡಿದು ಕಚೇರಿಗೆ ತಂದಿದ್ದ. ಬಾಗಿಲು ತೆರೆದರೆ ಕುರ್ಚಿಯಲ್ಲಿ ಹಿರಿಯಮ್ಮ. ರಜೆ ಮುಗಿದಿತ್ತು. ಹಗ್ಗದ ಬಂಟ ಬೇರೆ ಯಾರೂ ಅಲ್ಲ, ಹಿರಿಯಮ್ಮನ ಮಗನೇ ಎಂದು ಆಗ ತಿಳಿಯಿತು. ರಾಣಿ ಅವಳ ಮುಖಕ್ಕೆ ಹೇಳಿದಳು, ನೀವು ಇವನಿಗೆ ಎಲ್ಲ ಕಲಿಸಿದಿರಿ, ತಟ್ಟೆ ಎತ್ತುವುದೊಂದು ಬಿಟ್ಟು.

ಮೊಮ್ಮಗಳು ಓದುತ್ತ ಧ್ವನಿ ತಗ್ಗಿಸಿದಳು.

"'ಕಲಿಸೋಕೆ ಹೋದೆ ಕಣಮ್ಮಾ,' ಎಂದರು ಹಿರಿಯಮ್ಮ. 'ಕಲಿಸೋದಕ್ಕಿಂತ ನಾನೇ ಎತ್ತಿಬಿಡೋದು ಸುಲಭ ಅನ್ನಿಸ್ತು. ಸೋಮಾರಿತನ ನಂದು, ಅನುಭವಿಸ್ತಿರೋಳು ನೀನು. ಆದರೂ ಒಂದು ದಿನಾನೂ ನನ್ನ ಮೇಲೆ ಮುಖ ಊದಿಸ್ಕೊಂಡಿಲ್ಲ. ನಿನ್ನಂಥೋಳು ಈ ಮನೆಗೆ ಬಂದಿದ್ದು ನನ್ನ ಪುಣ್ಯ.'"

ಮಗ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ತನ್ನ ತಟ್ಟೆ ಎತ್ತಿಕೊಂಡ, ಅದರ ಮೇಲೆ ಅಪ್ಪನದು, ಮಗಳದು, ಹೆಂಡತಿಯದು ಇಟ್ಟುಕೊಂಡು ಸಿಂಕಿನ ಕಡೆ ನಡೆದ. ನಲ್ಲಿ ತಿರುಗಿಸಿದ ಸದ್ದು ಕೇಳಿತು.

"ಮಾವ," ಎಂದಳು ಸೊಸೆ, "ಇದನ್ನ ಮಾತ್ರ ಬರೀಬೇಡಿ."

"ಬರೆಯಲ್ಲ ಬಿಡಮ್ಮ. ಬರೆದ್ರೂ ಯಾರು ನಂಬ್ತಾರೆ?"

ಸೊಸೆ ನಕ್ಕಳು. ಕಣ್ಣು ಒರೆಸಿಕೊಳ್ಳಲೆಂದು ಒಲೆಯ ಕಡೆ ತಿರುಗಿದವಳಿಗೆ ಕಟ್ಟೆಯ ಮೇಲಿನ ದೊಡ್ಡ ಬುಟ್ಟಿ ಕಂಡಿತು. ಮೇಲೆ ಮುಚ್ಚಿದ್ದ ಬಟ್ಟೆ ತೆಗೆದಳು. ಬುಟ್ಟಿ ತುಂಬ ಸುಲಿದ ಈರುಳ್ಳಿ.

"ಈ ವಾರ ನೀವು ನಮ್ಮ ಯಾರದೂ ಮಾತು ತಗೊಂಡಿಲ್ಲ. ಇದು ಯಾರ ಲೆಕ್ಕ ಮಾವ?"

ತಾತ ಪತ್ರಿಕೆಯನ್ನು ಮಡಚಿ, ಮಡಿಕೆಯನ್ನು ಬೆರಳಿನಿಂದ ತೀಡಿದರು.

"ನಿಮ್ಮತ್ತೆದು. ಆ ಕೊನೇ ಮಾತು ಅವಳದೇ. ನನ್ನ ಹತ್ರ ಎಷ್ಟೋ ಸಲ ಅಂದಿದ್ಲು, ನಿನ್ನ ಮುಂದೆ ಹೇಳೋಕೆ ನಾಚಿಕೆ ಅವಳಿಗೆ. ಇದೊಂದೇ ಅಲ್ಲ, ಹಿರಿಯಮ್ಮ ಆಡಿದ್ದೆಲ್ಲ ಅವಳು ಆಡಿದ್ದೇ. ಬದುಕಿದ್ದಾಗ ಒಂದು ಈರುಳ್ಳೀನೂ ಸುಲಿದು ಕೊಡಲಿಲ್ಲ ನಾನು."

ಸೊಸೆ ಬುಟ್ಟಿಯನ್ನು ನೋಡಿದಳು, ಮಾವನನ್ನು ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಈರುಳ್ಳಿ ಚೀಲವನ್ನು ದರದರನೆ ಎಳೆದು ತಂದು ಮೇಜಿನ ಪಕ್ಕದಲ್ಲಿ ನಿಲ್ಲಿಸಿ, ಅದರ ಬಾಯಿ ಬಿಚ್ಚಿದಳು. ಒಂದು ಚಾಕು ಅವರ ಮುಂದೆ ಇಟ್ಟಳು, ಇನ್ನೊಂದನ್ನು ತಾನು ಹಿಡಿದು ಎದುರಿನ ಕುರ್ಚಿಯಲ್ಲಿ ಕುಳಿತಳು.

"ಅತ್ತೆ ಅಷ್ಟೊಂದು ಮಾತಾಡಿದಾರೆ, ಒಂದು ಬುಟ್ಟಿ ಎಲ್ಲಿ ಸಾಲುತ್ತೆ ಮಾವ? ಸುಲೀರಿ. ಒಂದೊಂದಾಗಿ ಹೇಳ್ತಾ ಸುಲೀರಿ, ನಾನೂ ಕೇಳ್ತೀನಿ."